ಹೆದ್ದಾರಿಯಲ್ಲಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್: ಇಂಧನ ಉಳಿತಾಯ ಮತ್ತು ಸುರಕ್ಷತೆಯ ಬಗ್ಗೆ ದೀರ್ಘಕಾಲದ ಬಳಕೆದಾರನ ವಿಮರ್ಶೆ

ನಾವು ನಿಗದಿಪಡಿಸಿದ ವೇಗವನ್ನು ಕಾಯ್ದುಕೊಂಡು, ಮುಂದೆ ವಾಹನ ಸಿಕ್ಕಾಗ ತಾನಾಗಿಯೇ ನಿಧಾನಿಸುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಇರುವ ಪೆಟ್ರೋಲ್ ಕಾರನ್ನು ನಾನು ಹಲವು ವರ್ಷಗಳಿಂದ ಓಡಿಸುತ್ತಿದ್ದೇನೆ. ನನ್ನ ಓಡಾಟದ ಬಹುಪಾಲು ವೇಗದ ರಸ್ತೆಗಳಲ್ಲೇ ಆಗುವುದರಿಂದ, ಈ ಸೌಲಭ್ಯದಿಂದ ಮೈಲೇಜ್ ನಿಜವಾಗಿಯೂ ಹೆಚ್ಚುತ್ತದೆಯೇ, ಪ್ರಯಾಣ ಸುರಕ್ಷಿತವಾಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಸಾಕಷ್ಟು ಕಾಲ ಗಮನವಿಟ್ಟು ನೋಡುವ ಅವಕಾಶ ನನಗೆ ಸಿಕ್ಕಿದೆ. ಎರಡಕ್ಕೂ ನನ್ನ ಉತ್ತರ ಹೌದು. ಆದರೆ ಆ ಲಾಭ ಬರುವುದು ಚಾಲಕ ಆರಿಸಿಕೊಡುವ ವೇಗ ಮತ್ತು ಅಂತರದಿಂದ. ಅವೆರಡನ್ನು ತಪ್ಪಾಗಿ ಆರಿಸಿದರೆ ಇದೇ ಸೌಲಭ್ಯ ಇಂಧನವನ್ನೂ ಸುಡುತ್ತದೆ, ಅಪಾಯಕ್ಕೂ ದಾರಿ ಮಾಡಿಕೊಡುತ್ತದೆ.

ಕ್ರೂಸ್ ಕಂಟ್ರೋಲ್ ಹೊಸದೇನೂ ಅಲ್ಲ. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡಿದ್ದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಅದಕ್ಕೆ 1950ರಲ್ಲಿ ಪೇಟೆಂಟ್ ಪಡೆದರು, 1958ರಲ್ಲಿ ಅದು ಕ್ರೈಸ್ಲರ್ ಕಾರುಗಳಲ್ಲಿ ಬಂತು. ಮುಂದಿನ ವಾಹನವನ್ನು ಲೇಸರ್ ಮೂಲಕ ಗುರುತಿಸಿ ವೇಗ ಇಳಿಸುವ ವ್ಯವಸ್ಥೆ 1995ರಲ್ಲಿ ಮಿತ್ಸುಬಿಷಿಯ ಡಯಮಾಂಟೆ ಕಾರಿನಲ್ಲಿ ಕಾಣಿಸಿಕೊಂಡಿತು. ಅದು ಆಕ್ಸಿಲರೇಟರ್ ಮತ್ತು ಗೇರ್‌ಗಳ ಮೂಲಕ ನಿಧಾನಿಸುತ್ತಿತ್ತೇ ಹೊರತು ಬ್ರೇಕ್ ಹಾಕುತ್ತಿರಲಿಲ್ಲ. ರೇಡಾರ್ ಬಳಸಿ ಬ್ರೇಕನ್ನೂ ಹಾಕುವ ವ್ಯವಸ್ಥೆಯನ್ನು ಮರ್ಸಿಡಿಸ್ 1999ರಲ್ಲಿ ತಂದಿತು. ನನ್ನ ಕಾರಿನಲ್ಲಿರುವುದು ಈ ಕೊನೆಯ ಬಗೆಯದು.

ಮೊದಲು ವೇಗದ ವಿಷಯ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಕಾರನ್ನು 120ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಮೂರನೇ ಒಂದರಷ್ಟು ಮಾತ್ರ, ಆದರೆ ಗಾಳಿಯ ಪ್ರತಿರೋಧ ಶೇಕಡಾ 78ರಷ್ಟು ಹೆಚ್ಚುತ್ತದೆ. ಅಪಘಾತದ ಕ್ಷಣದಲ್ಲಿ ಕಾರಿನೊಳಗೆ ತುಂಬಿಕೊಂಡಿರುವ ಚಲನಶಕ್ತಿಯೂ ಇದೇ ಲೆಕ್ಕದಲ್ಲಿ, ಅಷ್ಟೇ ಪ್ರಮಾಣದಲ್ಲಿ ಬೆಳೆದಿರುತ್ತದೆ. ಇಂಧನಕ್ಕೂ ಜೀವಕ್ಕೂ ಒಂದೇ ಸೂತ್ರ ಅನ್ವಯಿಸುವುದನ್ನು ಮನಸ್ಸಿಗೆ ತಂದುಕೊಂಡ ಮೇಲೆ, ವೇಗವನ್ನು ಆರಿಸುವಾಗ ಉಳಿತಾಯ ಬೇರೆ, ಸುರಕ್ಷತೆ ಬೇರೆ ಎಂದು ಯೋಚಿಸುವ ಅಗತ್ಯ ನನಗೆ ಕಂಡಿಲ್ಲ. 1974ರಲ್ಲಿ ತೈಲದ ಕೊರತೆಯಿಂದಾಗಿ ಅಮೆರಿಕವು ದೇಶದಾದ್ಯಂತ ಗಂಟೆಗೆ 55 ಮೈಲಿಯ, ಅಂದರೆ ಸುಮಾರು 88 ಕಿಲೋಮೀಟರಿನ ಮಿತಿಯನ್ನು ತಂದಿದ್ದು ಇಂಧನ ಉಳಿಸಲೆಂದು. 1973ರಲ್ಲಿ 54,000 ದಾಟಿದ್ದ ಅಲ್ಲಿನ ರಸ್ತೆ ಅಪಘಾತದ ಸಾವುಗಳು 1974ರಲ್ಲಿ ಸುಮಾರು 45,000ಕ್ಕೆ ಇಳಿದವು. ಆ ವರ್ಷ ಜನರ ಓಡಾಟವೂ ಕಡಿಮೆಯಾಗಿತ್ತು, ಹಾಗಾಗಿ ಶ್ರೇಯಸ್ಸೆಲ್ಲ ವೇಗದ ಮಿತಿಯೊಂದಕ್ಕೇ ಸೇರುವುದಿಲ್ಲ. ಆದರೂ ಒಂದು ಉದ್ದೇಶಕ್ಕೆ ಮಾಡಿದ ಕಾನೂನು ಇನ್ನೊಂದಕ್ಕೂ ನೆರವಾದದ್ದು ಆಕಸ್ಮಿಕವಲ್ಲ.

ನನ್ನ ಕಾರಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ, 110ರ ಬದಲು 90ಕ್ಕೆ ಕ್ರೂಸ್ ಹೊಂದಿಸಿದಾಗ ಲೀಟರಿಗೆ ಮೂರರಿಂದ ನಾಲ್ಕು ಕಿಲೋಮೀಟರ್ ಹೆಚ್ಚು ಸಿಗುತ್ತದೆ. ಇದು ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯಲ್ಲ, ಟ್ಯಾಂಕ್ ಫುಲ್ ಮಾಡಿಸಿ ಮತ್ತೆ ಫುಲ್ ಮಾಡಿಸುವವರೆಗಿನ ಲೆಕ್ಕ. ಡ್ಯಾಶ್‌ಬೋರ್ಡಿನ ಅಂಕಿ ನನ್ನ ಕಾರಿನಲ್ಲಿ ಯಾವಾಗಲೂ ಸ್ವಲ್ಪ ಹೆಚ್ಚಾಗಿಯೇ ಇರುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ 100 ಕಿಲೋಮೀಟರ್ ದಾರಿಗೆ ಹನ್ನೆರಡು ನಿಮಿಷ. ಊಟಕ್ಕೆ ನಿಲ್ಲಿಸಿದರೆ, ಟೋಲ್ ಬಳಿ ಸಾಲು ಇದ್ದರೆ ಆ ಹನ್ನೆರಡು ನಿಮಿಷ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಹಾಗೆಂದು ಎಲ್ಲರೂ 110ರಲ್ಲಿ ಸಾಗುವ ಲೇನ್‌ನಲ್ಲಿ 70ಕ್ಕೆ ಹೊಂದಿಸಿ ಕೂರುವುದು ಉಳಿತಾಯವೂ ಅಲ್ಲ, ವಿವೇಕವೂ ಅಲ್ಲ. ಹಿಂದಿನವರು ಥಟ್ಟನೆ ಬ್ರೇಕ್ ಹಾಕಬೇಕಾಗುತ್ತದೆ, ಅಡ್ಡಾದಿಡ್ಡಿ ಓವರ್‌ಟೇಕ್ ಮಾಡಬೇಕಾಗುತ್ತದೆ. ನಿಧಾನವಾಗಿ ಹೋಗುವವರ ಲೇನ್‌ನಲ್ಲಿದ್ದು, ಅಲ್ಲಿನ ಹರಿವಿಗೆ ಹೊಂದುವ ವೇಗವನ್ನು ಆರಿಸಬೇಕು.

ಅಂತರದ ವಿಷಯವನ್ನು ನಾನು ವೇಗಕ್ಕಿಂತಲೂ ಮುಖ್ಯವೆಂದು ಭಾವಿಸುತ್ತೇನೆ, ಏಕೆಂದರೆ ಹೆಚ್ಚಿನ ಬಳಕೆದಾರರು ಈ ಗುಂಡಿಯನ್ನು ಮುಟ್ಟುವುದೇ ಇಲ್ಲ. ನನ್ನ ಕಾರಿನಲ್ಲಿ ಅಂತರಕ್ಕೆ ನಾಲ್ಕು ಹಂತಗಳಿವೆ. ಅತಿ ಕಡಿಮೆಯ ಹಂತದಲ್ಲಿ ಮುಂದಿನ ವಾಹನಕ್ಕೂ ನಮಗೂ ಸುಮಾರು ಒಂದು ಸೆಕೆಂಡಿನ ದೂರ, ಅತಿ ಹೆಚ್ಚಿನದರಲ್ಲಿ ಎರಡು ಸೆಕೆಂಡಿಗೂ ಮೀರಿದ ದೂರ ಇರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಂದರೆ ಒಂದು ಸೆಕೆಂಡಿನ ಅಂತರದಲ್ಲಿ, ಮುಂದಿನವರ ಬ್ರೇಕ್ ದೀಪ ಕಂಡು ನಮ್ಮ ಕಾಲು ಪೆಡಲಿಗೆ ಹೋಗುವಷ್ಟರಲ್ಲಿ ಇರುವ ಜಾಗವೆಲ್ಲ ಮುಗಿದಿರುತ್ತದೆ. ನಾನು ಯಾವಾಗಲೂ ಅತಿ ಹೆಚ್ಚಿನ ಹಂತವನ್ನೇ ಇಡುತ್ತೇನೆ, ಮಳೆ ಬಂದರೆ ಅದನ್ನೂ ನೆಚ್ಚುವುದಿಲ್ಲ.

ಅಂತರ ಹೆಚ್ಚಿದ್ದರೆ ಇಂಧನ ಹೇಗೆ ಉಳಿಯುತ್ತದೆ ಎಂಬುದು ಬ್ರೇಕಿನ ಲೆಕ್ಕ ಹಾಕಿದಾಗ ತಿಳಿಯುತ್ತದೆ. ಒಂದೂವರೆ ಟನ್ ತೂಕದ ಕಾರು 100ರಿಂದ 80ಕ್ಕೆ ಬ್ರೇಕ್ ಹಾಕಿ ಇಳಿದರೆ ಸುಮಾರು 200 ಕಿಲೋಜೂಲ್ ಶಕ್ತಿ ಬ್ರೇಕಿನಲ್ಲಿ ಶಾಖವಾಗಿ ಹೋಗುತ್ತದೆ. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಚಕ್ರಕ್ಕೆ ತಲುಪಿಸುತ್ತದೆ ಎಂದಿಟ್ಟುಕೊಂಡರೆ, ಕಳೆದುಹೋದ ಆ ವೇಗವನ್ನು ಮರಳಿ ಗಳಿಸಲು ಸುಮಾರು 25 ಮಿಲಿಲೀಟರ್ ಪೆಟ್ರೋಲ್ ಬೇಕು. ಒಂದು ಸಲಕ್ಕೆ ಇದು ಅಲ್ಪವೇ, ಆದರೆ ವಾಹನ ದಟ್ಟಣೆಯಿರುವ ಹೆದ್ದಾರಿಯಲ್ಲಿ ಅಂತರವನ್ನು ಕಡಿಮೆ ಇಟ್ಟ ಕ್ರೂಸ್ ಕಂಟ್ರೋಲ್ ಇದನ್ನು ಮತ್ತೆ ಮತ್ತೆ ಮಾಡುತ್ತಲೇ ಇರುತ್ತದೆ. ಮುಂದಿನ ಕಾರು ತುಸು ನಿಧಾನಿಸಿದರೂ ಬ್ರೇಕ್, ತುಸು ಮುಂದೆ ಹೋದರೂ ಆಕ್ಸಿಲರೇಟರ್. ಹೆಚ್ಚಿನ ಅಂತರದಲ್ಲಿ ಅದೇ ವ್ಯವಸ್ಥೆ ಬ್ರೇಕ್ ಮುಟ್ಟದೆ, ಆಕ್ಸಿಲರೇಟರನ್ನು ಸಡಿಲಿಸಿಯೇ ಸುಧಾರಿಸಿಕೊಳ್ಳುತ್ತದೆ.

ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಹೆಚ್ಚು ಅಂತರ ಬಿಟ್ಟರೆ ಆ ಜಾಗಕ್ಕೆ ಪಕ್ಕದ ಲೇನ್‌ನಿಂದ ಯಾರಾದರೂ ನುಗ್ಗುತ್ತಾರೆ. ನುಗ್ಗಿದ ವಾಹನ ನಮಗಿಂತ ವೇಗವಾಗಿ ಹೋಗುತ್ತಿದ್ದು, ಎರಡು ಕ್ಷಣಗಳಲ್ಲಿ ತಾನೇ ದೂರ ಸರಿಯುವುದು ನಮಗೆ ಕಣ್ಣಿಗೆ ಕಾಣುತ್ತಿರುತ್ತದೆ. ರೇಡಾರ್ ಮಾತ್ರ ಹತ್ತಿರ ಬಂದದ್ದನ್ನು ಕಂಡ ಕೂಡಲೇ ಬ್ರೇಕ್ ಹಾಕಿಬಿಡುತ್ತದೆ, ಜಾಗ ತೆರವಾದೊಡನೆ ಎಂಜಿನ್ ಗೊರಗೊರ ಎನ್ನುವಂತೆ ಕೆಳಗಿನ ಗೇರಿಗೆ ಇಳಿದು ವೇಗ ಏರಿಸುತ್ತದೆ. ಹಿಂದೆ ಬರುತ್ತಿರುವವರಿಗೆ ಕಾರಣವಿಲ್ಲದ ಬ್ರೇಕ್ ದೀಪ, ನಮಗೆ ವ್ಯರ್ಥ ಪೆಟ್ರೋಲ್. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಪಕ್ಕದ ವಾಹನದ ಮುಂದಿನ ಚಕ್ರ ಗೆರೆಯ ಕಡೆಗೆ ತಿರುಗುವುದನ್ನು ಕಂಡಾಗಲೇ ಕ್ರೂಸ್ ವೇಗವನ್ನು ಗುಂಡಿಯಿಂದ ನಾಲ್ಕೈದು ಕಿಲೋಮೀಟರ್ ಇಳಿಸುವುದು. ಇಂಡಿಕೇಟರ್ ಬೀಳುವುದಕ್ಕೆ ಕಾಯುವಂತಿಲ್ಲ, ಎಷ್ಟೋ ಜನ ಅದನ್ನು ಹಾಕುವುದೇ ಇಲ್ಲ. ಹೀಗೆ ಮಾಡಿದರೆ ಅಂತರ ಮೊದಲೇ ಬೆಳೆದಿರುವುದರಿಂದ ಬ್ರೇಕಿನ ಅಗತ್ಯ ಬಹುತೇಕ ಬೀಳುವುದಿಲ್ಲ.

ಏರು ತಗ್ಗುಗಳ ರಸ್ತೆಯಲ್ಲಿ ಈ ಸೌಲಭ್ಯ ಇನ್ನೂ ಹಿಂದೆ ಬೀಳುತ್ತದೆ. ಅದಕ್ಕೆ ಗೊತ್ತಿರುವುದು ನಾವು ಕೊಟ್ಟ ವೇಗವೊಂದೇ. ದಿಬ್ಬ ಬಂದಾಗ ವೇಗ ಒಂದಿಷ್ಟೂ ಕುಸಿಯದಂತೆ ಎಂಜಿನ್ನನ್ನು ದುಡಿಸುತ್ತದೆ, ನೆತ್ತಿ ದಾಟಿ ಇಳಿಜಾರು ಸಿಕ್ಕಾಗ ಆ ದುಡಿಮೆಯ ಫಲವನ್ನೆಲ್ಲ ಬ್ರೇಕ್ ಹಾಕಿ ಕಳೆಯುತ್ತದೆ. ಕಾಲಿನಿಂದ ಓಡಿಸುವ ಅನುಭವಿ ಚಾಲಕ ದಿಬ್ಬದಲ್ಲಿ ವೇಗ ಐದಾರು ಕಿಲೋಮೀಟರ್ ಇಳಿಯಲು ಬಿಟ್ಟು, ಇಳಿಜಾರಿನಲ್ಲಿ ಮಿತಿಯೊಳಗೆ ಅದನ್ನು ಮರಳಿ ಪಡೆಯುತ್ತಾನೆ. ಆದ್ದರಿಂದ ಗುಡ್ಡಗಾಡಿನ ಹೆದ್ದಾರಿಯಲ್ಲಿ ನಾನು ಕ್ರೂಸ್ ತೆಗೆದುಬಿಡುತ್ತೇನೆ. ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಕಾರನ್ನು ಬಿಡುವುದರಿಂದ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಬಲವಾಗಿದೆ, ಅದನ್ನು ಖಂಡಿತ ಮಾಡಬಾರದು. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ, ಗೇರಿನಲ್ಲಿದ್ದಾಗ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಇಂಧನದ ಪೂರೈಕೆಯೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಬಂದ್ ಆಗದಿರಲು ಇಂಧನ ಸುಡುತ್ತಲೇ ಇರಬೇಕು. ಮೇಲಾಗಿ ಎಂಜಿನ್ ಬ್ರೇಕಿಂಗ್ ಇಲ್ಲದೆ ಉದ್ದನೆಯ ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುವ ಸಾಧ್ಯತೆಯಿದೆ.

ಸುರಕ್ಷತೆಯ ಮಿತಿಗಳನ್ನು ಕೈಪಿಡಿ ಸ್ಪಷ್ಟವಾಗಿಯೇ ಬರೆದಿದೆ, ಆದರೂ ಅದನ್ನು ಓದುವವರು ವಿರಳ. ವೇಗವಾಗಿ ಹೋಗುವಾಗ ರಸ್ತೆಯಲ್ಲಿ ನಿಂತಿರುವ ವಾಹನವನ್ನು ಈ ವ್ಯವಸ್ಥೆ ಗುರುತಿಸದೇ ಇರಬಹುದು. ಸೇತುವೆ, ಫಲಕ, ತಡೆಗೋಡೆಗಳಂಥ ಸ್ಥಿರ ವಸ್ತುಗಳಿಂದಲೂ ರೇಡಾರಿಗೆ ಪ್ರತಿಧ್ವನಿ ಬರುವುದರಿಂದ, ಪ್ರತಿಯೊಂದಕ್ಕೂ ಬ್ರೇಕ್ ಹಾಕದಿರಲೆಂದು ಅವುಗಳಲ್ಲಿ ಹೆಚ್ಚಿನದನ್ನು ಅದು ಪಕ್ಕಕ್ಕಿಡುತ್ತದೆ. ಕೆಟ್ಟು ನಿಂತ ಲಾರಿಯೂ ಅದೇ ಪಟ್ಟಿಗೆ ಸೇರಬಹುದು. ಮುಂದಿನ ಕಾರು ಕೊನೆಯ ಕ್ಷಣದಲ್ಲಿ ಲೇನ್ ಬದಲಿಸಿ, ಅದರ ಮರೆಯಲ್ಲಿದ್ದ ನಿಂತ ವಾಹನ ಎದುರಾಗುವ ಸನ್ನಿವೇಶ ಎಲ್ಲಕ್ಕಿಂತ ಅಪಾಯಕಾರಿ. ಹೀಗಾಗಿ ನನ್ನ ದೃಷ್ಟಿ ಮುಂದಿನ ಕಾರಿನ ಮೇಲಲ್ಲ, ಅದರಾಚೆಯ ಮೂರು ನಾಲ್ಕು ವಾಹನಗಳ ಮೇಲಿರುತ್ತದೆ. ದೂರದಲ್ಲಿ ಬ್ರೇಕ್ ದೀಪಗಳು ಕಂಡಾಗಲೇ ಕ್ರೂಸ್ ರದ್ದುಮಾಡಿ ಕಾರನ್ನು ಗೇರಿನಲ್ಲೇ ಹರಿಯಬಿಟ್ಟರೆ ಅದು ಇನ್ನೂರು ಮುನ್ನೂರು ಮೀಟರ್ ಇಂಧನವಿಲ್ಲದೆ ಸಾಗುತ್ತದೆ, ದಟ್ಟಣೆಯನ್ನು ತಲುಪುವ ಹೊತ್ತಿಗೆ ವೇಗವೂ ಇಳಿದಿರುತ್ತದೆ. ಜೋರು ಮಳೆಯಲ್ಲಿ ನೀರು ನಿಂತ ರಸ್ತೆಯ ಮೇಲೆ ಈ ಸೌಲಭ್ಯವನ್ನು ಬಳಸಲೇಬಾರದು, ಏಕೆಂದರೆ ಟೈರು ನೀರಿನ ಮೇಲೆ ತೇಲಿದಾಗ ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸುವ ಸೂಕ್ಷ್ಮ ಕಾಲಿಗಷ್ಟೇ ಗೊತ್ತು.

ಲಾರಿಯ ಬೆನ್ನಿಗಂಟಿಕೊಂಡು ಗಾಳಿಯ ಮರೆಯಲ್ಲಿ ಹೋದರೆ ಮೈಲೇಜ್ ಬರುತ್ತದೆ ಎಂದು ಅತಿ ಕಡಿಮೆ ಅಂತರ ಇಟ್ಟು ಹೋಗುವವರಿದ್ದಾರೆ. ಗಾಳಿ ಕಡಿಮೆಯಾಗುವುದು ನಿಜ, ಆದರೆ ಮುಂದಿನ ರಸ್ತೆ ಕಾಣುವುದಿಲ್ಲ, ಲಾರಿಯ ಚಾಲಕನಿಗೆ ಕನ್ನಡಿಯಲ್ಲಿ ನಾವೂ ಕಾಣುವುದಿಲ್ಲ. ಇಷ್ಟು ಅಪಾಯಕ್ಕೆ ಒಡ್ಡಿಕೊಂಡು ಗಳಿಸುವಂಥ ಉಳಿತಾಯ ಅದಲ್ಲ.

ಟೈರಿನ ಗಾಳಿ ಮತ್ತು ಛಾವಣಿಯ ಕ್ಯಾರಿಯರ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ದೂರ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಳತೆಗೆ ಗಾಳಿ ತುಂಬಿಸಬೇಕು. ಗಾಳಿ ಕಡಿಮೆಯಿದ್ದರೆ ಇಂಧನ ಹೆಚ್ಚು ಬೇಕಾಗುವುದಷ್ಟೇ ಅಲ್ಲ, ವೇಗದಲ್ಲಿ ಟೈರು ಕಾದು ಸಿಡಿಯುವ ಅಪಾಯವೂ ಇದೆ. ಖಾಲಿ ಕ್ಯಾರಿಯರ್ ಬಿಚ್ಚಿಡಿ.

ನಿರ್ವಹಣೆಯ ಮಟ್ಟಿಗೆ ಈ ವ್ಯವಸ್ಥೆ ಇಷ್ಟು ವರ್ಷಗಳಲ್ಲಿ ಹೆಚ್ಚಿನ ತೊಂದರೆ ಕೊಟ್ಟಿಲ್ಲ. ಮುಂಭಾಗದ ಸೆನ್ಸರ್ ಮೇಲೆ ಕೆಸರು ಮೆತ್ತಿದಾಗ ಎಚ್ಚರಿಕೆ ತೋರಿಸಿ ತಾನೇ ನಿಲ್ಲುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಕೆಲಸ ಮಾಡುತ್ತದೆ. ಬಂಪರಿಗೆ ಸಣ್ಣ ಪೆಟ್ಟು ಬಿದ್ದರೂ ಸೆನ್ಸರಿನ ದಿಕ್ಕನ್ನು ಸರ್ವಿಸ್ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಉದ್ದದ ಪ್ರಯಾಣದ ಕೊನೆಯಲ್ಲಿ ಕಾಲಿಗೆ ಆಯಾಸ ಕಡಿಮೆ, ಅರಿವಿಲ್ಲದೆ ವೇಗ ಏರಿಹೋಗುವುದೂ ಇಲ್ಲ. ನನಗೆ ಇವೆರಡೇ ಈ ಸೌಲಭ್ಯದ ದೊಡ್ಡ ಗುಣಗಳು. ಆದರೆ ಕಾಲಿಗೆ ಕೆಲಸವಿಲ್ಲದಾಗ ಕಣ್ಣು ಮಂಪರಾಗುವುದೂ ಬೇಗ. ಹಾಗೆನಿಸಿದರೆ ಕ್ರೂಸ್ ತೆಗೆದು ಓಡಿಸುವುದು ಪರಿಹಾರವಲ್ಲ, ಕಾರು ನಿಲ್ಲಿಸಿ ವಿಶ್ರಾಂತಿ ಪಡೆಯಬೇಕು. ಸಮತಟ್ಟಾದ, ಉದ್ದನೆಯ, ಮಿತವಾದ ದಟ್ಟಣೆಯ ಹೆದ್ದಾರಿಗಳಲ್ಲಿ ಹೆಚ್ಚು ಓಡಾಡುವವರು ಈ ಸೌಲಭ್ಯವಿರುವ ಮಾದರಿಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕವೆಂದು ನಾನು ಹೇಳುತ್ತೇನೆ. ಘಟ್ಟದ ದಾರಿಯಲ್ಲೋ ಪಟ್ಟಣದೊಳಗೋ ಹೆಚ್ಚು ಓಡಿಸುವವರು ಆ ಹಣವನ್ನು ಒಳ್ಳೆಯ ಟೈರುಗಳಿಗೆ ಹಾಕಬಹುದು. ಕೊಳ್ಳುವ ಮುನ್ನ ಟೆಸ್ಟ್ ಡ್ರೈವ್‌ನಲ್ಲಿ ಅಂತರದ ಗುಂಡಿಯನ್ನು ಅತಿ ಹೆಚ್ಚಿನ ಹಂತಕ್ಕಿಟ್ಟು, ಯಾರಾದರೂ ಮುಂದೆ ನುಗ್ಗಿದಾಗ ಕಾರು ಎಷ್ಟು ಮೆದುವಾಗಿ ನಿಧಾನಿಸುತ್ತದೆ ಎಂಬುದನ್ನು ತಪ್ಪದೆ ನೋಡಿ. ಒಂದೊಂದು ಮಾದರಿಗೂ ಇದರಲ್ಲಿ ಸಾಕಷ್ಟು ವ್ಯತ್ಯಾಸವಿದೆ.