ಹೊಸೂರು ಸಿಪ್ಕಾಟ್ ಬಳಿಯ ಲ್ಯಾಬ್‌ನಲ್ಲಿ ಮೆಬೆಂಡಜೋಲ್ ಪರೀಕ್ಷೆ: ಏನನ್ನು ನಂಬಬಹುದು, ಏನನ್ನು ಕೇಳಿಯೇ ಮಾಡಿಸಬೇಕು

ಅತ್ತಿಬೆಲೆ ಗಡಿಯ ಆಚೆ ಈಚೆ ಜಂತುಹುಳುವಿನ ಮಾತ್ರೆ ಮಾಡುವ ಸಣ್ಣ ಘಟಕಗಳಿಗೆ ಹೊಸೂರಿನ ಈ ಖಾಸಗಿ ಲ್ಯಾಬ್ ಹತ್ತಿರದ ಅನುಕೂಲ. ಆ ಮಾತ್ರೆಯ ಔಷಧವಾದ ಮೆಬೆಂಡಜೋಲ್‌ನ ಕಚ್ಚಾ ಪುಡಿಯ ಭೌತಿಕ ಗುಣಗಳ ಪರೀಕ್ಷೆಗಾಗಿ ಇಲ್ಲಿಗೆ ಬರುವವರು ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು: ಶುದ್ಧತೆ ಎಷ್ಟೇ ಚೆನ್ನಾಗಿರಲಿ, ಹರಳಿನ ರೂಪ ತಪ್ಪಿದ್ದರೆ ಆ ಬ್ಯಾಚ್ ಪ್ರಯೋಜನಕ್ಕಿಲ್ಲ. ಮೆಬೆಂಡಜೋಲ್‌ಗೆ ಎ, ಬಿ, ಸಿ ಎಂದು ಮೂರು ರೂಪಗಳಿವೆ. ಅಣು ಒಂದೇ, ಜೋಡಣೆ ಬೇರೆ. ಎ ಅತಿ ಕಡಿಮೆ ಕರಗುತ್ತದೆ, ಹಾಗಾಗಿ ಹುಳುವಿನ ಮೇಲೆ ಅದರ ಪರಿಣಾಮ ದುರ್ಬಲ. ಬಿ ಎಲ್ಲಕ್ಕಿಂತ ಹೆಚ್ಚು ಕರಗುತ್ತದೆ. ಔಷಧಕ್ಕೆ ಬೇಕಾದದ್ದು ನಡುವಿನ ಸಿ. ಶುದ್ಧತೆ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುವಾಗ ಪುಡಿಯನ್ನು ಕರಗಿಸಿಬಿಡುವುದರಿಂದ ಈ ವ್ಯತ್ಯಾಸ ಅದರಲ್ಲಿ ಕಾಣುವುದೇ ಇಲ್ಲ.

ಈ ಲ್ಯಾಬ್‌ನ ನಿಜವಾದ ಬಲ ಎಕ್ಸ್‌ಆರ್‌ಡಿ, ಅಂದರೆ ಪುಡಿಯ ಮೇಲೆ ಎಕ್ಸ್‌-ಕಿರಣ ಹಾಯಿಸಿ ಹರಳಿನ ಜೋಡಣೆ ಗುರುತಿಸುವ ಪರೀಕ್ಷೆ. ಯಂತ್ರ ಚೆನ್ನಾಗಿದೆ, ನಡೆಸುವವರಿಗೆ ವಿಷಯ ಗೊತ್ತಿದೆ. ಆದರೆ ಸ್ಕ್ಯಾನ್ ಎಲ್ಲಿಂದ ಶುರುವಾಗಬೇಕು ಎಂದು ನಾವೇ ಬರೆದುಕೊಡಬೇಕು. ತಾಮ್ರದ ಕಿರಣದಲ್ಲಿ ಸಿ ರೂಪದ ಗುರುತಿನ ಶಿಖರ ಸುಮಾರು 4.9 ಡಿಗ್ರಿ 2-ಥೀಟಾದಲ್ಲಿ (ಕಿರಣ ತಿರುಗುವ ಕೋನ), ಬಿಯದ್ದು 6.1ರ ಬಳಿ, ಎಯದ್ದು 7.6ರ ಆಸುಪಾಸಿನಲ್ಲಿ ಬರುತ್ತದೆ. ಸ್ಕ್ಯಾನ್ 5 ಡಿಗ್ರಿಯಿಂದ ಶುರುವಾದರೆ ಸಿಯ ಮುಖ್ಯ ಗುರುತೇ ಗ್ರಾಫಿನ ಹೊರಗೆ ಉಳಿಯುತ್ತದೆ. 3 ಡಿಗ್ರಿಯಿಂದ ಎಂದು ಅರ್ಜಿಯಲ್ಲಿ ನಮೂದಿಸಿ. ಪುಡಿಯನ್ನು ಖಲ್ಲಿನಲ್ಲಿ ಬಲವಾಗಿ ಅರೆಯಬಾರದು, ತಟ್ಟೆಗೆ ಒತ್ತಿ ನುಣುಪು ಮಾಡಬಾರದು. ಒತ್ತಿದರೆ ಹರಳುಗಳು ಒಂದೇ ದಿಕ್ಕಿಗೆ ಮಲಗಿ ಶಿಖರಗಳ ಎತ್ತರ ಸುಳ್ಳಾಗುತ್ತದೆ. ಹಿಂಬದಿಯಿಂದ ತುಂಬುವ ಹೋಲ್ಡರ್ ಇವರಲ್ಲಿದೆ, ಅದನ್ನೇ ಕೇಳಿ.

ಸಿಯೊಳಗೆ ಎ ಎಷ್ಟು ಬೆರೆತಿದೆ ಎಂಬ ಪ್ರಶ್ನೆಗೆ ಬರೀ ‘ಹೊಂದುತ್ತದೆ’ ಎಂಬ ಉತ್ತರ ಸಾಲದು. ಎಯನ್ನು ತಿಳಿದ ಪ್ರಮಾಣದಲ್ಲಿ, ಅಂದರೆ 5, 10, 20, 30 ಪ್ರತಿಶತ ಬೆರೆಸಿದ ಮಾದರಿಗಳನ್ನು ಓಡಿಸಿ ಹೋಲಿಕೆ ಕೊಡಬೇಕು. ಕೇಳಿದರೆ ಮಾಡಿಕೊಡುತ್ತಾರೆ, ಶುಲ್ಕ ಬೇರೆ. ಆ ಹಣ ಕೊಡುವುದು ಒಳ್ಳೆಯದು.

ಐಆರ್, ಅಂದರೆ ಅವಕೆಂಪು ಕಿರಣದ ಪರೀಕ್ಷೆ, ಇಲ್ಲಿ ಎಟಿಆರ್‌ನಲ್ಲಿ (ಪುಡಿಯನ್ನು ನೇರವಾಗಿ ಒಂದು ಸ್ಫಟಿಕದ ಮೇಲಿಟ್ಟು ಓದುವ ವಿಧಾನ) ನಡೆಯುತ್ತದೆ. ಅಣುವಿನ ಸಾರಜನಕ-ಜಲಜನಕ ಬಂಧ ತೋರಿಸುವ ಎನ್‌ಎಚ್ ಪಟ್ಟಿ ಸಿಯಲ್ಲಿ ಸೆಂ.ಮೀ.ಗೆ 3410 ಅಲೆಗಳ ಹತ್ತಿರ, ಎಯಲ್ಲಿ 3370, ಬಿಯಲ್ಲಿ 3340 ಎಂಬುದು ಪುಸ್ತಕದ ಲೆಕ್ಕ. ಎಟಿಆರ್‌ನಲ್ಲಿ ಇವು ಸ್ವಲ್ಪ ಸರಿಯುವುದರಿಂದ ಅಂಕಿಯನ್ನು ಪುಸ್ತಕದೊಂದಿಗೆ ತಾಳೆ ಹಾಕದೆ, ಅದೇ ಯಂತ್ರದಲ್ಲಿ ಓಡಿಸಿದ ಸಿ ರೂಪದ ಪ್ರಮಾಣ ಮಾದರಿಯೊಂದಿಗೇ ಹೋಲಿಸಬೇಕು. ಇವರು ರಿಪೋರ್ಟಿನಲ್ಲಿ ಎರಡೂ ಗೆರೆಗಳನ್ನು ಒಂದರ ಮೇಲೊಂದು ಹಾಕಿ ಕೊಡುತ್ತಾರೆ. ಮೆಚ್ಚಬೇಕಾದ ಕೆಲಸ.

ನಿರಾಸೆ ಆಗುವುದು ಎರಡು ಕಡೆ. ಒಂದು, ಕರಗುವ ಬಿಂದು. ಸುಮಾರು 288 ಡಿಗ್ರಿ ಬಂದಿದೆ, ಸರಿಯಿದೆ ಎಂದು ರಿಪೋರ್ಟು ಹೇಳುತ್ತದೆ. ಕಾಯಿಸುತ್ತ ಹೋದಂತೆ ಸಿ ಕರಗುವ ಮೊದಲೇ ಎ ಆಗಿಬಿಡುವುದರಿಂದ ಈ ಅಂಕಿಯಿಂದ ರೂಪ ತಿಳಿಯುವುದಿಲ್ಲ. ಅದರ ಬದಲು ಡಿಎಸ್‌ಸಿ, ಅಂದರೆ ಕಾಯಿಸುತ್ತ ಪುಡಿ ಹೀರುವ ಶಾಖವನ್ನು ಅಳೆಯುವ ಪರೀಕ್ಷೆ ಮಾಡಿಸಿ: 2ರಿಂದ 5 ಮಿಲಿಗ್ರಾಂ, ತೂತಿನ ಮುಚ್ಚಳ, ನಿಮಿಷಕ್ಕೆ 10 ಡಿಗ್ರಿ. ರೂಪ ಬದಲಾಗುವ ತಿರುವು ಅದರಲ್ಲಿ ಕಾಣುತ್ತದೆ. ಎರಡು, ಡಿಸಲ್ಯೂಷನ್, ಅಂದರೆ ಔಷಧ ದ್ರವದಲ್ಲಿ ಎಷ್ಟು ಕರಗುತ್ತದೆ ಎಂಬ ಪರೀಕ್ಷೆ. ಫಾರ್ಮಕೋಪಿಯಾ (ಔಷಧಗಳ ಅಧಿಕೃತ ಗುಣಮಟ್ಟದ ಪುಸ್ತಕ) ಪ್ರಕಾರ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ 1 ಪ್ರತಿಶತ ಸೋಡಿಯಂ ಲಾರಿಲ್ ಸಲ್ಫೇಟ್ ಸೇರಿಸುತ್ತಾರೆ. ಆ ಸಾಬೂನಿನಂಥ ವಸ್ತು ಕರಗದ ಎಯನ್ನೂ ಕರಗಿಸಿ ಪಾಸು ಮಾಡಿಸುತ್ತದೆ. ಅದಿಲ್ಲದ ಆಮ್ಲದಲ್ಲಿ ಇನ್ನೊಂದು ಓಟ ಕೇಳಿದರೆ ಸಿ ಮತ್ತು ಎ ಬೇರೆಯಾಗಿ ನಿಲ್ಲುತ್ತವೆ. ಇದನ್ನು ಲ್ಯಾಬ್‌ನವರು ತಾವಾಗಿ ಸೂಚಿಸುವುದಿಲ್ಲ, ಸೂಚಿಸಬೇಕಿತ್ತು.

ಕಣಗಾತ್ರ ಲೇಸರ್ ವಿಧಾನದಲ್ಲಿ. ಮೆಬೆಂಡಜೋಲ್ ನೀರಿನಲ್ಲಿ ನೆನೆಯದೆ ತೇಲುತ್ತದೆ, ಆದ್ದರಿಂದ ಮೊದಲು ನೆನೆಯಲು ನೆರವಾಗುವ ಪಾಲಿಸಾರ್ಬೇಟ್ 80ರ ಹನಿಗಳೊಂದಿಗೆ ಪೇಸ್ಟ್ ಮಾಡಬೇಕು. ಅಲ್ಟ್ರಾಸೌಂಡ್ ಕಡಿಮೆಯಾದರೆ ಗಂಟುಗಳೇ ಕಣಗಳಾಗಿ ಲೆಕ್ಕಕ್ಕೆ ಬರುತ್ತವೆ, ಹೆಚ್ಚಾದರೆ ಹರಳು ಮುರಿಯುತ್ತದೆ. ಡಿ90 (ಪುಡಿಯ 90 ಪ್ರತಿಶತ ಇದಕ್ಕಿಂತ ಚಿಕ್ಕದಾಗಿರುವ ಗಾತ್ರ) ಒಂದಾದ ಮೇಲೊಂದು ಓದಿನಲ್ಲಿ ಸ್ಥಿರವಾಗಿದೆಯೇ ನೋಡಿ.

ಸಿಲಿಂಡರನ್ನು ಬಡಿದು ಪುಡಿ ಕುಳ್ಳಿರಿಸಿ ಅಳೆಯುವ ಸಾಂದ್ರತೆಗೆ 100 ಗ್ರಾಂ ಪುಡಿ, 250 ಮಿಲಿ ಸಿಲಿಂಡರ್. ರಿಪೋರ್ಟಿನಲ್ಲಿ 500 ಬಡಿತಕ್ಕೇ ನಿಲ್ಲಿಸಿರುತ್ತಾರೆ. 1250ರವರೆಗೂ ಬಡಿದು, 500 ಮತ್ತು 1250ರ ಗಾತ್ರಗಳ ನಡುವೆ 2 ಮಿಲಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮುಂದುವರಿಸಬೇಕು. ಒಣಗಿಸಿದಾಗ ಆಗುವ ತೂಕದ ನಷ್ಟ 105 ಡಿಗ್ರಿಯಲ್ಲಿ, ಮಿತಿ 0.5 ಪ್ರತಿಶತ. ಅದರಲ್ಲಿ ದೂರಿಲ್ಲ.

ಸ್ಯಾಂಪಲ್ ಕನಿಷ್ಠ 150 ಗ್ರಾಂ ಇರಲಿ, ಎರಡು ಪಾಲಿಥೀನ್ ಚೀಲದೊಳಗೆ ಕಟ್ಟಿ, ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಡಬೇಡಿ. ಎ ಸ್ವಲ್ಪ ಬೆರೆತಿದ್ದರೂ ಬಿಸಿ ಮತ್ತು ತೇವದಲ್ಲಿ ಸಿ ನಿಧಾನವಾಗಿ ಅತ್ತ ವಾಲುತ್ತದೆ. ಬ್ಯಾಚ್ ಬಿಡುಗಡೆಗೆ ಈ ರಿಪೋರ್ಟು ಬಳಸುವುದಾದರೆ ಲ್ಯಾಬ್‌ನ ಫಾರಂ 37 ಅನುಮೋದನೆಯಲ್ಲಿ (ಔಷಧ ತಯಾರಕರ ಪರವಾಗಿ ಪರೀಕ್ಷೆ ಮಾಡಲು ಲ್ಯಾಬ್‌ಗೆ ಸಿಗುವ ಸರ್ಕಾರಿ ಒಪ್ಪಿಗೆ) ನಿಮಗೆ ಬೇಕಾದ ಪರೀಕ್ಷೆಗಳೆಲ್ಲ ಇವೆಯೇ ಎಂದು ಮೊದಲೇ ನೋಡಿಕೊಂಡು, ಫಲಿತಾಂಶವನ್ನು ಅಂಥ ಲ್ಯಾಬ್ ಕೊಡುವ ಪರೀಕ್ಷಾ ವರದಿಯ ನಮೂನೆಯಾದ ಫಾರಂ 39ರಲ್ಲಿ ಕೇಳಿ ಪಡೆಯಿರಿ.