ಕ್ಯೋಟೋದಲ್ಲಿ ಕತ್ತಲಾದ ಮೇಲೆ: ಗಿಯೋನ್‌ಗೆ ಹೋಗೋದಾ, ಪೊಂಟೊಚೋಗಾ, ಕಿಯಾಮಾಚಿಗಾ?

ಆಫೀಸ್ ಕೆಲಸದ ಮೇಲೆ ಒಸಾಕಾದಲ್ಲಿದ್ದಾಗ ಶುಕ್ರವಾರ ಸಂಜೆ ಕ್ಯೋಟೋಗೆ ಓಡುವುದು ನನಗೆ ಚಟವಾಗಿಬಿಟ್ಟಿತ್ತು. ಯೊದೊಯಾಬಾಶಿಯಲ್ಲಿ ಕೇಹಾನ್ ರೈಲು ಹತ್ತಿದರೆ ಸುಮಾರು 50 ನಿಮಿಷಕ್ಕೆ ಗಿಯೋನ್-ಶಿಜೋ ಸ್ಟೇಷನ್. ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ಕಾಮೋ ನದಿಯ ಸೇತುವೆ. ಪೂರ್ವಕ್ಕೆ ನಡೆದರೆ ಗಿಯೋನ್. ಪಶ್ಚಿಮಕ್ಕೆ ಸೇತುವೆ ದಾಟಿದರೆ ಮೊದಲು ಪೊಂಟೊಚೋ, ಅದರ ಬೆನ್ನಿಗೇ ಕಿಯಾಮಾಚಿ. ಸಂಜೆ ಕಳೆಯಲು ಜನ ಹೋಗುವ ಈ ಮೂರು ಕೇರಿಗಳೂ ಅಕ್ಕಪಕ್ಕದಲ್ಲೇ ಇವೆ. ಆದರೆ ಸ್ವಭಾವ ಬೇರೆ, ಜೇಬಿಗೆ ಬೀಳುವ ಪೆಟ್ಟೂ ಬೇರೆ.

ಮೊದಲ ಸಲ ಎಲ್ಲರ ಹಾಗೆ ಗಿಯೋನ್‌ಗೇ ಹೋದೆ. ಹನಾಮಿಕೋಜಿ ಬೀದಿಯ ಮರದ ಮನೆಗಳು, ಕಾಗದದ ಲಾಟೀನುಗಳು, ನೋಡಲು ಸೊಗಸೇ. ಆದರೆ ಆ ಬಾಗಿಲುಗಳಲ್ಲಿ ಹಲವು ನಮಗೆ ಮುಚ್ಚಿದವೇ. ಗೇಶಾಗಳು ಹಾಡು, ನೃತ್ಯದಿಂದ ಅತಿಥಿಗಳನ್ನು ರಂಜಿಸುವ ಓಚಾಯಾ ಅನ್ನುವ ಮನೆಗಳಿಗೆ ಹಳೆಯ ಗಿರಾಕಿ ಯಾರಾದರೂ ಪರಿಚಯ ಮಾಡಿಸದೆ ಪ್ರವೇಶವಿಲ್ಲ. ಪ್ರವಾಸಿಗರ ಕಾಟ ಜಾಸ್ತಿಯಾಗಿ 2024ರಲ್ಲಿ ಖಾಸಗಿ ಓಣಿಗಳಿಗೂ ಬೋರ್ಡ್ ಹಾಕಿದರು. ಒಳಗೆ ಹೋದರೆ 10,000 ಯೆನ್ ದಂಡ. ಒಬ್ಬ ಮೈಕೋ, ಅಂದರೆ ಗೇಶಾ ಆಗಲು ಕಲಿಯುತ್ತಿರುವ ಹುಡುಗಿ, ಬಿರಬಿರನೆ ನಡೆದು ಹೋಗುವಾಗ ಹತ್ತು ಜನ ಮೊಬೈಲ್ ಹಿಡಿದು ಹಿಂದೆ ಓಡಿದ್ದನ್ನು ಕಂಡು ಬೋರ್ಡ್ ಹಾಕಿದ್ದೇ ಸರಿ ಅನ್ನಿಸಿತು.

ಹೊರಗಿನವರಿಗೆ ಅಲ್ಲಿ ಒಂದು ದಾರಿಯಿದೆ, ಗಿಯೋನ್ ಕಾರ್ನರ್. ಒಂದು ಗಂಟೆಯೊಳಗೆ ಚಹಾ ವಿಧಿ, ಕೋಟೋ ವಾದ್ಯ, ಮೈಕೋ ನೃತ್ಯ ಹೀಗೆ ಏಳು ಕಲೆಗಳ ತುಣುಕು ತೋರಿಸುತ್ತಾರೆ. ಪ್ರವಾಸಿಗರಿಗೆಂದೇ ಮಾಡಿದ ಪ್ಯಾಕೇಜು ಅಂತ ಮೂಗು ಮುರಿಯುತ್ತಲೇ ಹೋಗಿದ್ದೆ. ಬುನ್ರಾಕು ಬೊಂಬೆಯಾಟ ಶುರುವಾದ ಮೇಲೆ ಸುಮ್ಮನಾದೆ. ಒಂದೇ ಬೊಂಬೆಗೆ ಮೂರು ಜನ, ಅವರೂ ನಮ್ಮ ಕಣ್ಣೆದುರೇ ನಿಂತಿರುತ್ತಾರೆ. ಎರಡು ನಿಮಿಷದಲ್ಲಿ ಆ ಮೂವರೂ ಮಾಯ, ಬೊಂಬೆ ಒಂದೇ ಕಾಣಿಸುತ್ತದೆ.

ಪೊಂಟೊಚೋ ಶಿಜೋದಿಂದ ಸಾಂಜೋವರೆಗೆ ಹೋಗುವ ಕಿರಿದಾದ ಓಣಿ. ಕೊಡೆ ಹಿಡಿದವರಿಬ್ಬರು ಎದುರಾದರೆ ಒಬ್ಬರು ಓರೆ ಮಾಡಲೇಬೇಕು. ಲಾಟೀನುಗಳ ಮೇಲೆ ಚಿದೋರಿ ಹಕ್ಕಿಯ ಗುರುತು. ಓಣಿಯ ಪೂರ್ವ ಬದಿಯ ಹೋಟೆಲುಗಳು ಮೇ ತಿಂಗಳಿಂದ ಹಿತ್ತಲಲ್ಲಿ, ನದಿಯ ಕಡೆಗೆ, ಮರದ ಅಟ್ಟಣೆ ಕಟ್ಟುತ್ತವೆ. ಇದಕ್ಕೆ ಯುಕಾ ಅನ್ನುತ್ತಾರೆ. ಕ್ಯೋಟೋದ ಬೇಸಿಗೆ ಅಂದರೆ ಬೇಯಿಸುವ ಸೆಕೆ. ಹಾಗಾಗಿ ಅಲ್ಲಿ ಕೂತು ಊಟ ಮಾಡುವ ಸುಖಕ್ಕೆ ಜನ ಮೊದಲೇ ಬುಕ್ ಮಾಡಿ ಕಾಯುತ್ತಾರೆ. ನಾನೂ ಒಮ್ಮೆ ಕೂತೆ. ಗಾಳಿ ಚೆನ್ನಾಗಿತ್ತು, ಬಿಲ್ಲು ಚೆನ್ನಾಗಿರಲಿಲ್ಲ. ಮೇಲಾಗಿ ನಾನು ಸಸ್ಯಾಹಾರಿ. ತರಕಾರಿ ಬೇಯಿಸಿದ ನೀರಿಗೂ ದಾಶಿ ಅನ್ನುವ ಮೀನಿನ ಸಾರು ಬೆರೆತಿರುವ ಊರಿನಲ್ಲಿ ಪೂರ್ತಿ ಊಟಕ್ಕೆ ದುಡ್ಡು ಕೊಟ್ಟು ಅರ್ಧ ತಟ್ಟೆ ಹಾಗೇ ಬಿಟ್ಟು ಎದ್ದೆ. ಪೊಂಟೊಚೋ ನಡೆಯುವುದಕ್ಕೆ, ಕೂರುವುದಕ್ಕಲ್ಲ ಅನ್ನುವುದು ನನ್ನ ಲೆಕ್ಕ.

ಕೂರುವುದಕ್ಕೆ ಕಿಯಾಮಾಚಿ. ಇಲ್ಲಿ ತಕಾಸೆ ಕಾಲುವೆ ಹರಿಯುತ್ತದೆ. 400 ವರ್ಷದ ಹಿಂದೆ ಸುಮಿನೊಕುರಾ ರ್ಯೋಯಿ ಎಂಬ ವ್ಯಾಪಾರಿ ಊರಿನ ದಕ್ಷಿಣದ ಫುಶಿಮಿಯಿಂದ ಸರಕಿನ ದೋಣಿ ತರಲು ತೋಡಿಸಿದ್ದು. ದಡದಲ್ಲಿ ಮರದ ವ್ಯಾಪಾರಿಗಳಿದ್ದರು, ಅದಕ್ಕೇ ಬೀದಿಗೆ ಆ ಹೆಸರು; ‘ಕಿ’ ಅಂದರೆ ಮರ. ಈಗ ನೀರು ಪಾದ ಮುಳುಗುವಷ್ಟೇ. ಒಂದೊಂದು ಕಟ್ಟಡದಲ್ಲೂ ಮಹಡಿ ಮಹಡಿಗೆ ಬಾರ್‌ಗಳು, ಕೆಲವು ಎಂಟೇ ಸೀಟಿನವು. ವಿದ್ಯಾರ್ಥಿಗಳ ಗಲಾಟೆಯಿದೆ, ಬೀದಿಯಲ್ಲಿ ನಿಂತು ಗಿರಾಕಿ ಕರೆಯುವವರ ಕಾಟವೂ ಇದೆ. ಆದರೆ ಪರಿಚಯ ಕೇಳುವವರಿಲ್ಲ. ಫುಶಿಮಿಯ ಸಾಕೆ ಅನ್ನುವ ಅಕ್ಕಿಯ ಮದ್ಯ, ಎಡಮಾಮೆ ಅನ್ನುವ ಬೇಯಿಸಿದ ಎಳೆ ಸೋಯಾಕಾಯಿ, ಉಪ್ಪಿನಲ್ಲಿ ಹಾಕಿದ ತರಕಾರಿ ಇದ್ದರೆ ನನ್ನಂಥವರಿಗೂ ಸಂಜೆ ಕಳೆಯುತ್ತದೆ. ತಣ್ಣನೆ ತೋಫು ಹೇಳುವಾಗ ಮಾತ್ರ ‘ಕತ್ಸುಒಬುಶಿ ಬೇಡ’ ಅಂತ ಮೊದಲೇ ಹೇಳಬೇಕು, ಇಲ್ಲದಿದ್ದರೆ ಮೇಲೆ ಒಣಮೀನಿನ ತೆಳು ಚೂರು ಉದುರಿಸಿಬಿಡುತ್ತಾರೆ. ಒಂದು ಕಡೆ ಕೇಳದೇ ಪುಟ್ಟ ಬಟ್ಟಲಿನಲ್ಲಿ ತಿನಿಸು ತಂದಿಟ್ಟರು. ಉಚಿತ ಅಂದುಕೊಂಡೆ, ಬಿಲ್ಲಿನಲ್ಲಿತ್ತು. ಮೋಸವಲ್ಲ, ಕೂತ ಜಾಗದ ಬಾಡಿಗೆ ಇದ್ದ ಹಾಗೆ. ಬೇರೆ ಕಡೆ ಇದಕ್ಕೆ ಒತೋಶಿ, ಈ ಕಡೆಯವರು ತ್ಸುಕಿದಾಶಿ ಅನ್ನುತ್ತಾರೆ.

ಒಸಾಕಾದ ಝಗಮಗಿಸುವ ದೋತೊನ್‌ಬೋರಿ ಕೇರಿ ನೋಡಿ ಬಂದವರಿಗೆ ಇದೆಲ್ಲ ಮಂಕು ಅನ್ನಿಸಬಹುದು. 2007ರ ನಿಯಮದಿಂದ ಈ ಊರಿನಲ್ಲಿ ಮಿನುಗುವ ದೀಪದ ಬೋರ್ಡೂ ಇಲ್ಲ, ಛಾವಣಿ ಮೇಲಿನ ಜಾಹೀರಾತೂ ಇಲ್ಲ. ನನಗಂತೂ ಆ ಮಬ್ಬೇ ಇಷ್ಟ.

ಅಪ್ಪ ಅಮ್ಮ ಬಂದಾಗ ಯಾವುದಕ್ಕೆ ಕರೆದೊಯ್ಯೋದು ಅಂತ ಯೋಚಿಸಿ, ಗಿಯೋನ್‌ನಲ್ಲಿ ಬೊಂಬೆಯಾಟ ತೋರಿಸಿ, ರಾತ್ರಿಯೂ ತೆರೆದಿರುವ ಯಾಸಾಕಾ ದೇವಸ್ಥಾನದ ಲಾಟೀನು ತೋರಿಸಿ, ಪೊಂಟೊಚೋ ಓಣಿಯಲ್ಲಿ ನಡೆಸಿ, ಕೊನೆಗೆ ನದಿಯ ದಂಡೆಗೆ ಇಳಿಸಿದೆ. ಅಲ್ಲಿ ಪುಕ್ಕಟೆ ಗಾಳಿ, ಮೇಲೆ ಅಟ್ಟಣೆಗಳ ದೀಪ. ದಂಡೆಯುದ್ದಕ್ಕೂ ಜೋಡಿಗಳು, ಒಂದಕ್ಕೊಂದು ಸರಿಯಾಗಿ ಅಷ್ಟೇ ಅಂತರ ಬಿಟ್ಟು. ಇದು ಈ ದಂಡೆಯ ಹೆಸರಾಂತ ನೋಟ. ಅಮ್ಮ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ ಕೇಳಿದರು: ‘ಇವರನ್ನ ಟೇಪು ಹಿಡಿದು ಕೂರಿಸಿದ್ದಾರೇನೋ?’