ಮರ್ಲಿನ್ ಮನ್ರೋ ಮನೆಯ ಬಿಲ್ಲು, ಚೆಕ್ಕು ಅಂತ ಕೊಳ್ಳುವ ಮುಂಚೆ ಇದನ್ನು ಓದಿ

ಈಚೆಗೆ ನಮ್ಮ ಸಂಗ್ರಹಕಾರರ ಬಳಗಕ್ಕೆ ಪರೀಕ್ಷೆಗೆಂದು ಮೂರು ಕಾಗದ ಬಂದವು. ಮೂರೂ ಮರ್ಲಿನ್ ಮನ್ರೋ ಅವರ ದಿನಬಳಕೆಯ ಕಾಗದಗಳೆಂದು ಆನ್‌ಲೈನಿನಲ್ಲಿ ಮಾರಿದ್ದು, ಮೂರೂ ಮೋಸ. ಪರೀಕ್ಷೆ ಮುಗಿಯುವಷ್ಟರಲ್ಲಿ ದೂರು ಕೊಡುವ ಗಡುವು ದಾಟಿತ್ತು. ಕೊಂಡವರಿಗೆ ಒಂದು ರೂಪಾಯಿಯೂ ವಾಪಸು ಬರಲಿಲ್ಲ.

ಮೊದಲನೆಯದು 1962ರ ಏಪ್ರಿಲ್ ತಾರೀಖಿನ ಔಷಧಿ ಅಂಗಡಿ ಬಿಲ್ಲು. ಫಿಫ್ತ್ ಹೆಲೆನಾ ಡ್ರೈವ್ ಎಂಬ ವಿಳಾಸ ಸರಿಯಾಗೇ ಇದೆ, ಆ ಮನೆ ಅವರು ಕೊಂಡದ್ದು ಅದೇ ವರ್ಷದ ಆರಂಭದಲ್ಲಿ. ಎಡವಟ್ಟಾದದ್ದು ಕೊನೆಯ ಸಾಲಿನಲ್ಲಿ: 'ಲಾಸ್ ಏಂಜಲೀಸ್, ಸಿಎ 90049'. ಐದಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡಿನಂಥದ್ದು) ಅಮೆರಿಕದಲ್ಲಿ ಜಾರಿಗೆ ಬಂದದ್ದು 1963ರ ಜುಲೈ 1ಕ್ಕೆ, ಮನ್ರೋ ತೀರಿಕೊಂಡದ್ದು 1962ರ ಆಗಸ್ಟ್‌ನಲ್ಲಿ. ಅವರ ಕಾಲಕ್ಕೆ ಅಂಚೆ ವಲಯದ ಸಂಖ್ಯೆ ಸೇರಿಸಿ 'ಲಾಸ್ ಏಂಜಲೀಸ್ 49' ಎಂದೇ ಬರೆಯುತ್ತಿದ್ದರು. ರಾಜ್ಯದ ಹೆಸರನ್ನು 'ಸಿಎ' (ಕ್ಯಾಲಿಫೋರ್ನಿಯಾ) ಎಂಬಂತೆ ಎರಡಕ್ಷರಕ್ಕೆ ಇಳಿಸಿದ್ದೂ 1963ರಲ್ಲೇ. ಅಮೆರಿಕದ ಅಧ್ಯಕ್ಷ ಕೆನಡಿ ಮತ್ತು ಮನ್ರೋ ನಡುವಿನ ಗುಟ್ಟಿನ ಒಪ್ಪಂದದ ಪತ್ರಗಳೆಂದು ಲಕ್ಷಾಂತರ ಡಾಲರಿಗೆ ಮಾರಿದ ಕಾಗದಗಳ ಬಣ್ಣ 1997ರಲ್ಲಿ ಬಯಲಾದದ್ದೂ ಇದೇ ಜಿಪ್ ಕೋಡಿನಿಂದ, ಜೊತೆಗೆ ಆ ಕಾಲಕ್ಕಿನ್ನೂ ಬಂದಿರದ ಟೈಪ್‌ರೈಟರ್ ತಿದ್ದುಪಡಿ ರಿಬ್ಬನ್ನಿನಿಂದ.

ಎರಡನೆಯದು ಹೆಚ್ಚು ಅಪಾಯದ್ದು, ಯಾಕೆಂದರೆ ಕಾಗದ ಅಸಲಿ. ಯಾರೋ 1957ರಲ್ಲಿ 'ಕ್ಯಾಶ್' ಎಂದು ಬರೆದ ಚೆಕ್ಕು. ಹಣ ಕೊಟ್ಟ ಬ್ಯಾಂಕು ಚುಚ್ಚಿದ ತೂತುಗಳೂ ಇವೆ. ಬೆನ್ನಿಗೆ ಮಾತ್ರ ಯಾರೋ ಈಚೆಗೆ ಮನ್ರೋ ಹೆಸರಿನ ಸಹಿ ಹಾಕಿದ್ದಾರೆ. 10 ಪಟ್ಟಿನ ಭೂತಗನ್ನಡಿ ಹಿಡಿದು ಸಹಿಯ ಗೆರೆ ತೂತನ್ನು ದಾಟುವ ಜಾಗ ನೋಡಿ. ಸಹಿ ಮೊದಲು, ತೂತು ಆಮೇಲೆ ಆಗಿದ್ದರೆ ಗೆರೆ ಅಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಇದರಲ್ಲಿ ಶಾಯಿ ತೂತಿನ ಒಳಅಂಚಿಗೆ ಇಳಿದು, ನಾರುಗಳಲ್ಲಿ ಹರಡಿ ಒಣಗಿತ್ತು. ತೂತು ಬಿದ್ದ ಮೇಲೆ, ಅಂದರೆ ಹಣ ಪಾವತಿಯಾದ ಮೇಲೆ ಹಾಕಿದ ಸಹಿ ಎನ್ನಲು ಬೇರೆ ಸಾಕ್ಷಿ ಬೇಡ.

ಮೂರನೆಯದು 1948ರ ಲಾಂಡ್ರಿ ರಸೀದಿ. 365 ನ್ಯಾನೋಮೀಟರಿನ ಯುವಿ (ನೇರಳಾತೀತ ಬೆಳಕಿನ) ಟಾರ್ಚಿಗೆ ನೀಲಿಯಾಗಿ ಝಗ್ಗೆಂದಿತು. ಕಾಗದ ಬೆಳ್ಳಗೆ ಕಾಣಲೆಂದು ಯುವಿಗೆ ಹೀಗೆ ಹೊಳೆಯುವ ರಾಸಾಯನಿಕ ಸೇರಿಸುವ ರೂಢಿ 1950ರ ಸುಮಾರಿನಿಂದ ಈಚಿನದು. 1961ರ ಕಾಗದ ಹೊಳೆದರೆ ಅಷ್ಟಕ್ಕೇ ನಕಲಿ ಅನ್ನಬೇಡಿ, ಆಗ ಅಂಥ ಕಾಗದ ಇತ್ತು. ಇದರ ಕಂದು ಬಣ್ಣವೂ ಅಂಚು, ನಡು ಎನ್ನದೆ ಒಂದೇ ಸಮ ಇತ್ತು, ಚಹಾದಲ್ಲಿ ಅದ್ದಿದ ಹಾಗೆ. ಹಳೆಯ ಕಾಗದ ಸಾಮಾನ್ಯವಾಗಿ ಅಂಚಿನಿಂದ, ಮಡಿಕೆಯಿಂದ ಕಂದಾಗುತ್ತಾ ಬರುತ್ತದೆ.

ಮೂರಕ್ಕೂ ಒಂದೊಂದು ಪ್ರಮಾಣಪತ್ರ, ಜೊತೆಗೆ 1999ರ ಅಕ್ಟೋಬರ್ 27–28ರಂದು ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ನಡೆದ ಮನ್ರೋ ಸ್ವತ್ತಿನ ಹರಾಜಿನ ಲಾಟ್ (ಒಂದೇ ನಂಬರಿನಡಿ ಹರಾಜಾಗುವ ವಸ್ತು ಅಥವಾ ಕಂತೆ) ನಂಬರಿನ ಜೆರಾಕ್ಸ್. ಹರಾಜು ನಿಜ, ಲಾಟ್ ನಿಜ. ಆದರೆ ಕಂತೆಯಾಗಿ ಹೋದ ಲಾಟನ್ನು ಬಿಡಿಬಿಡಿಯಾಗಿ ಮಾರುವಾಗ ಅದೇ ಜೆರಾಕ್ಸನ್ನು ಯಾವ ಕಾಗದಕ್ಕೆ ಬೇಕಾದರೂ ಲಗತ್ತಿಸಬಹುದು. ಇದೇ ಕಾಗದದ ಫೋಟೋ ಕ್ಯಾಟಲಾಗಿನಲ್ಲಿದೆಯಾ ಅಂತ ಕೇಳಿ. ಇದ್ದರೆ ಮಡಿಕೆ, ಗುಂಡುಸೂಜಿಯ ತುಕ್ಕಿನ ಗುರುತು, ಕಲೆ ಒಂದೊಂದನ್ನೂ ತಾಳೆ ನೋಡಿ. ಇಲ್ಲದಿದ್ದರೆ, ಸಹಿಯೂ ಇಲ್ಲದ ಬಿಲ್ಲಿಗೆ ಮನ್ರೋ ಹೆಸರಿನ ಬೆಲೆ ಕೊಡಲೇಬೇಡಿ.

ಹಣ ಕಟ್ಟುವ ಮೊದಲೇ ಎರಡೂ ಬದಿಯ 600 ಡಿಪಿಐ ಸ್ಕ್ಯಾನ್, ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಒಂದು ಫೋಟೋ, ಯುವಿಯಲ್ಲಿ ಒಂದು ಫೋಟೋ ತರಿಸಿಕೊಳ್ಳಿ. ಕೊಡಲು ಸತಾಯಿಸಿದರೆ ಬಿಟ್ಟುಬಿಡಿ. ಈಗಾಗಲೇ ಕೊಂಡಿದ್ದರೆ ಇವತ್ತೇ ದೂರಿನ ಗಡುವು ನೋಡಿ. ಕಾಗದಕ್ಕೆ ಟೇಪು, ಲ್ಯಾಮಿನೇಶನ್ ಬೇಡ, ಬಂದ ಲಕೋಟೆಯನ್ನೂ ಎಸೆಯಬೇಡಿ.